ಕ್ಯಾಮೆರಾ ಚೀಲ: ಕೊರಳಿಗೆ ಎಷ್ಟು ಗ್ರಾಂ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಬಗ್ಗೆಯೇ. ಫುಲ್ ಫ್ರೇಮ್ ಅಂದರೆ ಬೆಳಕು ಹಿಡಿಯುವ ಸೆನ್ಸರ್ ಹಳೆಯ ಫಿಲ್ಮಿನಷ್ಟೇ ದೊಡ್ಡದು, ಎಪಿಎಸ್-ಸಿ ಅಂದರೆ ಅದಕ್ಕಿಂತ ಚಿಕ್ಕದು. ಮಿರರ್‌ಲೆಸ್ ಅಂದರೆ ಡಿಎಸ್‌ಎಲ್‌ಆರ್‌ನಲ್ಲಿರುವ ಕನ್ನಡಿ ಇಲ್ಲದ್ದು. ಆರನ್ನು ಆರಿಸಿಕೊಂಡಿದ್ದೇನೆ. ನನ್ನ ಕೆಲಸ ಹೆಚ್ಚಾಗಿ ನಾಟಕದ ರಂಗದ ಮುಂದೆ, ಕತ್ತಲಲ್ಲಿ. ಹಾಗಾಗಿ ಉತ್ತರಗಳೂ ಸ್ವಲ್ಪ ಆ ಕಡೆಗೇ ವಾಲಿರುತ್ತವೆ. ಅದನ್ನು ತಿಳಿದುಕೊಂಡೇ ಓದಿ.

ಪ್ರಶ್ನೆ: ಏಳು ವರ್ಷದಿಂದ ಎಪಿಎಸ್-ಸಿ ಸೆನ್ಸರ್‌ನ ಡಿಎಸ್‌ಎಲ್‌ಆರ್ ಬಳಸುತ್ತಿದ್ದೇನೆ. ಈಗ ಫುಲ್ ಫ್ರೇಮ್ ಮಿರರ್‌ಲೆಸ್‌ಗೆ ಹೋಗುವ ಆಸೆ. ತೆಗೆಯುವುದು ಪ್ರವಾಸ, ಮನೆಯವರು, ಆಗಾಗ ಮಕ್ಕಳ ನಾಟಕ. ಸೋನಿ, ಕ್ಯಾನನ್, ನಿಕಾನ್: ಇವುಗಳಲ್ಲಿ ಯಾವುದು ಒಳ್ಳೆಯದು?

ಮೂರೂ ಒಳ್ಳೆಯವೇ. ಜಾರಿಕೊಳ್ಳೋಕೆ ಹೀಗೆ ಹೇಳುತ್ತಿಲ್ಲ. ಮೂರರಿಂದಲೂ ತೆಗೆದ ಫೋಟೋಗಳನ್ನು ಗೋಡೆಗೆ ತೂಗುಹಾಕಿ, ಯಾವುದು ಯಾವುದರದ್ದು ಹೇಳು ಅಂದರೆ ನನಗೂ ಗೊತ್ತಾಗುವುದಿಲ್ಲ. ಆದ್ದರಿಂದ ಬಾಡಿಯ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ, ಮಾತು ಸದ್ಯಕ್ಕೆ ಬಿಡಿ. ನಿಮ್ಮ ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಪ್ರತಿ ಫೋಟೋದ ಮಾಹಿತಿಯಲ್ಲೂ ಫೋಕಲ್ ಲೆಂಗ್ತ್ ದಾಖಲಾಗಿರುತ್ತದೆ. ಮಿ.ಮೀ. ಲೆಕ್ಕದ ಈ ಅಳತೆ ಕಡಿಮೆಯಾದಷ್ಟೂ ಅಗಲದ ನೋಟ, ಜಾಸ್ತಿಯಾದಷ್ಟೂ ದೂರದ್ದು ಹತ್ತಿರ. ತೆಗೆದದ್ದೆಲ್ಲ ಬೇಡ, ನಿಮಗೆ ನಿಜವಾಗಿ ಇಷ್ಟವಾದ ನೂರು ಫೋಟೋ ಆರಿಸಿ, ಯಾವ ಅಳತೆಯಲ್ಲಿ ಎಷ್ಟಿವೆ ಅಂತ ಬರೆದುಕೊಳ್ಳಿ. ಸೆನ್ಸರ್ ದೊಡ್ಡದಾಗುವುದರಿಂದ ಆ ಅಳತೆಗಳನ್ನು 1.5ರಿಂದ ಗುಣಿಸಿ, ಕ್ಯಾನನ್ ಆದರೆ 1.6ರಿಂದ. ಫುಲ್ ಫ್ರೇಮ್‌ನಲ್ಲಿ ನಿಮಗೆ ಬೇಕಾದ ಲೆನ್ಸ್ ಅಲ್ಲೇ ಸಿಗುತ್ತದೆ.

ನಾನು ಹೀಗೆ ಎಣಿಸಿದಾಗ ನನ್ನ ಮುಖ ಸಣ್ಣದಾಯಿತು. 70-200 ಎಫ್/2.8 ಇಲ್ಲದೆ ನಾಟಕ ತೆಗೆಯೋಕೆ ಆಗುವುದೇ ಇಲ್ಲ ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆ. (ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಗೆ ಬಿಡುತ್ತದೆ.) ನೋಡಿದರೆ ನೂರರಲ್ಲಿ 71 ಫೋಟೋ 35ರಿಂದ 85 ಮಿ.ಮೀ. ಒಳಗೇ ಇದ್ದವು. ಒಂದೂವರೆ ಕಿಲೋ ಲೆನ್ಸ್ ಅನ್ನು ಇಷ್ಟು ವರ್ಷ ಸುಮ್ನೆ ಹೊತ್ತಿದ್ದೆ.

ಹೊರುವ ಮಾತು ಬಂತಲ್ಲ, ಎರಡನೇ ಕೆಲಸವೂ ಅದೇ. ಒಂದು ನೀರಿನ ಬಾಟಲಿ ತೆಗೆದುಕೊಳ್ಳಿ. ಸೋನಿ ಎ7 ಮಾರ್ಕ್ 4 ಬ್ಯಾಟರಿ ಸೇರಿ 658 ಗ್ರಾಂ. ಅದಕ್ಕೆ ಎಲ್ಲರೂ ಬಯಸುವ ಜಿ ಮಾಸ್ಟರ್ 24-70 ಎಫ್/2.8 ಹೊಸ ಆವೃತ್ತಿ ಹಾಕಿದರೆ ಇನ್ನೊಂದು 695. ಒಟ್ಟು 1353 ಗ್ರಾಂ. ಬಾಟಲಿ ಮತ್ತು ನೀರು ಸೇರಿ ಅಷ್ಟು ತೂಗುವಂತೆ ಮಾಡಿ, ಚೀಲಕ್ಕೆ ಹಾಕಿ, ಒಂದು ಭಾನುವಾರ ಪೂರ್ತಿ ಹೆಗಲಲ್ಲೇ ಇಟ್ಟುಕೊಂಡು ಓಡಾಡಿ. ಸಂಜೆ ಹೊತ್ತಿಗೆ ಅದನ್ನು ಎಲ್ಲೋ ಬಿಟ್ಟು ಬಂದಿದ್ದರೆ ಆ ಲೆನ್ಸ್ ನಿಮ್ಮದಲ್ಲ. ಮಾರನೇ ವಾರ 690 ಗ್ರಾಂ ಮಾಡಿ ನೋಡಿ. ಅದು ಸೋನಿ ಎ7ಸಿ ಮಾರ್ಕ್ 2 ಮತ್ತು 40 ಮಿ.ಮೀ. ಎಫ್/2.5ರ ತೂಕ. ಎರಡರಲ್ಲೂ ಸೆನ್ಸರ್ ಅಳತೆ ಒಂದೇ, 36×24 ಮಿ.ಮೀ. ಭುಜಕ್ಕೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಇವೆರಡೂ ಮುಗಿದ ಮೇಲೆ ಕಂಪನಿ ನೋಡಿ. ಒಂದೊಂದು ಕಂಪನಿಗೂ ತನ್ನದೇ ಮೌಂಟ್, ಅಂದರೆ ಬಾಡಿಗೆ ಲೆನ್ಸ್ ಕೂರುವ ಬಾಯಿ. ಸೋನಿ ತನ್ನ ಇ ಮೌಂಟ್‌ನ ಮೂಲ ವಿವರಗಳನ್ನು 2011ರಲ್ಲೇ ಬೇರೆ ಕಂಪನಿಗಳಿಗೆ ತೆರೆದಿಟ್ಟಿತು. 2013ರಿಂದ ಫುಲ್ ಫ್ರೇಮ್ ಮಾಡುತ್ತಿದೆ. ಹಾಗಾಗಿ ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳು ಅಲ್ಲಿ ಧಾರಾಳ. ಟ್ಯಾಮ್ರಾನ್ 28-75 ಎಫ್/2.8ರ ಎರಡನೇ ಆವೃತ್ತಿ 540 ಗ್ರಾಂ. ನಿಮ್ಮಂಥವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ನಿಕಾನ್ 2018ರಲ್ಲಿ ಝಡ್ ಮೌಂಟ್ ತಂದಿತು. ಅದರ 24-120 ಎಫ್/4 ಪ್ರವಾಸಕ್ಕೆ ಹೇಳಿ ಮಾಡಿಸಿದ ಹಾಗಿದೆ, 630 ಗ್ರಾಂ. ಜೊತೆಗೆ 170 ಗ್ರಾಂನ 40 ಎಫ್/2 ಇಟ್ಟುಕೊಂಡರೆ ಕತ್ತಲಿಗೂ ಆಯಿತು. ಕ್ಯಾನನ್ ಆರ್‌ಎಫ್ ಬಂದದ್ದೂ 2018ರಲ್ಲೇ. ಅಲ್ಲಿ 16, 28, 50 ಮಿ.ಮೀ.ನ ಪುಟ್ಟ ಲೆನ್ಸ್‌ಗಳು ಚೆನ್ನಾಗಿವೆ, ಒಂದೂ 170 ಗ್ರಾಂ ದಾಟುವುದಿಲ್ಲ. ಇನ್ನೊಂದು ತುದಿಯಲ್ಲಿ ಕ್ಯಾನನ್‌ನದೇ ದುಬಾರಿ ಎಲ್ ಸರಣಿಯ ದೊಡ್ಡ ಲೆನ್ಸ್‌ಗಳು, ಅವೂ ಅದ್ಭುತವೇ. ನಡುವೆ ಸ್ವಲ್ಪ ಖಾಲಿ ಖಾಲಿ. ಆ ಜಾಗ ತುಂಬಬೇಕಾದ ಬೇರೆ ಕಂಪನಿಗಳಿಗೆ ಕ್ಯಾನನ್ ಬಹಳ ದಿನ ಬಾಗಿಲು ಮುಚ್ಚಿಕೊಂಡಿತ್ತು. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗೆ ತೆರೆದದ್ದೂ ಎಪಿಎಸ್-ಸಿ ಲೆನ್ಸ್‌ಗಳಿಂದ ಶುರುವಾಗಿ. ಪ್ಯಾನಾಸೋನಿಕ್, ಸಿಗ್ಮಾ, ಲೈಕಾ ಮೂವರೂ ಸೇರಿ ಶುರು ಮಾಡಿದ ಎಲ್ ಮೌಂಟ್ ಬಗ್ಗೆ ನೀವು ಪ್ರಶ್ನೆಯಲ್ಲಿ ಕೇಳಿಲ್ಲ. ವಿಡಿಯೋ ಜಾಸ್ತಿ ಮಾಡುವವರು ಅದನ್ನೂ ನೋಡಬಹುದು.

ಮೌಂಟ್‌ನ ಬಾಯಿ ಎಷ್ಟು ಅಗಲ ಅಂತಲೂ ಜಗಳ ನಡೆಯುತ್ತಿರುತ್ತದೆ. ನಿಕಾನ್ 55 ಮಿ.ಮೀ., ಕ್ಯಾನನ್ 54, ಸೋನಿ 46.1. ಲೆನ್ಸ್ ವಿನ್ಯಾಸ ಮಾಡುವವರಿಗೆ ಅದರಿಂದ ಅನುಕೂಲ ಉಂಟು. ನಿಮ್ಮ ಮಗಳ ಫೋಟೋದಲ್ಲಿ ಅದು ಕಾಣುವುದಿಲ್ಲ.

ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಲೆನ್ಸ್‌ಗೆ ಇಡಿ. ಬಾಡಿ ಎರಡು ಮೂರು ವರ್ಷಕ್ಕೆ ಹಳೆಯದಾಗುತ್ತದೆ. ಕ್ಯಾನನ್ ಆರ್6 ಬಂದದ್ದು 2020ರಲ್ಲಿ, ಅದರ ಮಾರ್ಕ್ 2 ಬಂದದ್ದು 2022ರಲ್ಲಿ. ಆದರೆ 1987ರಲ್ಲಿ ಇಎಫ್ ಮೌಂಟ್‌ಗೆ ಅಂತ ಮಾಡಿದ ಕ್ಯಾನನ್ ಲೆನ್ಸ್ ಇವತ್ತಿಗೂ ಅಡಾಪ್ಟರ್ (ಹಳೆಯ ಲೆನ್ಸ್ ಅನ್ನು ಹೊಸ ಬಾಡಿಗೆ ಕೂರಿಸುವ ಉಂಗುರ) ಮೇಲೆ ಕೂತು ತಾನಾಗಿ ಫೋಕಸ್ ಮಾಡುತ್ತದೆ.

ಪ್ರಶ್ನೆ: ನನ್ನ ಎಪಿಎಸ್-ಸಿ ಕ್ಯಾಮೆರಾದಲ್ಲಿ 17-50 ಎಫ್/2.8 ಲೆನ್ಸ್ ಇದೆ. ಫುಲ್ ಫ್ರೇಮ್ ಬಾಡಿಗೆ 24-70 ಎಫ್/4 ತೆಗೆದುಕೊಂಡರೆ ಕತ್ತಲಲ್ಲಿ ಫೋಟೋ ಚೆನ್ನಾಗಿ ಬರುತ್ತದಾ?

ಇಲ್ಲ. ಇದ್ದ ಹಾಗೇ ಇರುತ್ತದೆ.

ಫುಲ್ ಫ್ರೇಮ್ ಸೆನ್ಸರ್ ನಿಮ್ಮದಕ್ಕಿಂತ ಸುಮಾರು ಎರಡೂಕಾಲು ಪಟ್ಟು ದೊಡ್ಡದು. ಒಂದು ಸ್ಟಾಪ್‌ಗಿಂತ ಚೂರು ಜಾಸ್ತಿ ಲಾಭ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ). ಆದರೆ ಎಫ್/2.8ರಿಂದ ಎಫ್/4ಗೆ ಇಳಿದರೆ ಒಂದು ಸ್ಟಾಪ್ ಬೆಳಕು ಕಳೆದುಕೊಳ್ಳುತ್ತೀರಿ. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಯಿತು. ಹಿನ್ನೆಲೆ ಮಸುಕಾಗುವುದರ ಲೆಕ್ಕವೂ ಅದೇ: ನಿಮ್ಮ 2.8 ಫುಲ್ ಫ್ರೇಮ್‌ನ 4.2ಕ್ಕೆ ಸಮ. ಹೊಸ ಆಟೋಫೋಕಸ್, ಬಾಡಿಯೊಳಗಿನ ಸ್ಟೆಬಿಲೈಸೇಶನ್ ಬೇಕು ಅಂದರೆ ತೆಗೆದುಕೊಳ್ಳಿ. ಕತ್ತಲಿಗಾಗಿ ಅಂದರೆ ಎಫ್/4 ಜೂಮ್ ಬಿಟ್ಟು ಎಫ್/1.8ರ ಒಂದು ಪ್ರೈಮ್, ಅಂದರೆ ಜೂಮ್ ಆಗದ ಲೆನ್ಸ್, ನೋಡಿ. ಇಲ್ಲವೇ ದುಡ್ಡು ಉಳಿಸಿ, ಈಗಿರುವ ಬಾಡಿಗೇ ಅಂಥದ್ದೊಂದು ಹಾಕಿಕೊಳ್ಳಿ. ನಾನಾದರೆ ಹಾಗೇ ಮಾಡುತ್ತಿದ್ದೆ.

ಪ್ರಶ್ನೆ: ಅಪ್ಪನ ನಿಕಾನ್ ಲೆನ್ಸ್‌ಗಳು ಎರಡಿವೆ. ಒಂದು 50 ಎಫ್/1.8 ಡಿ, ಇನ್ನೊಂದು ಎಎಫ್-ಎಸ್ 85 ಎಫ್/1.8. ಝಡ್ ಕ್ಯಾಮೆರಾ ಕೊಂಡರೆ ಇವು ನಡೆಯುತ್ತವಾ?

ಎರಡೂ ಕೂರುತ್ತವೆ. ಫೋಕಸ್ ತಾನಾಗಿ ಮಾಡುವುದು 85 ಮಾತ್ರ.

ಎರಡನ್ನೂ ತಲೆಕೆಳಗು ಮಾಡಿ, ಲೋಹದ ಉಂಗುರ ನೋಡಿ. 50ರ ಉಂಗುರದಲ್ಲಿ ಸ್ಕ್ರೂ ತಲೆಯಂಥ ಒಂದು ಪುಟ್ಟ ಸೀಳು ಕಾಣುತ್ತದೆ. ಹಳೆಯ ಬಾಡಿಯಿಂದ ಒಂದು ಮೊಳೆಯಂಥದ್ದು ಹೊರಬಂದು ಆ ಸೀಳಿಗೆ ಸಿಕ್ಕಿಕೊಂಡು ಲೆನ್ಸ್ ಅನ್ನು ತಿರುಗಿಸುತ್ತಿತ್ತು. ಆ ಜುಯ್ ಜುಯ್ ಸದ್ದು ನೆನಪಿದೆ ಅಲ್ವಾ? ಮೋಟಾರು ಇದ್ದದ್ದು ಬಾಡಿಯಲ್ಲಿ. ಝಡ್ ಬಾಡಿಯಲ್ಲೂ ಅದಿಲ್ಲ, ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲೂ ಇಲ್ಲ. 85ರಲ್ಲಿ ಲೆನ್ಸ್ ಒಳಗೇ ಮೋಟಾರು ಇರುವುದರಿಂದ ಅದಕ್ಕೆ ತೊಂದರೆ ಇಲ್ಲ.

ಅಡಾಪ್ಟರ್ ಒಳಗೆ ಗಾಜು ಇಲ್ಲ, ಬರೀ ಗಾಳಿ. ಹಳೆಯ ಎಫ್ ಮೌಂಟ್‌ನಲ್ಲಿ ಲೆನ್ಸ್ ಕೂರುವ ಉಂಗುರಕ್ಕೂ ಫಿಲ್ಮ್‌ಗೂ 46.5 ಮಿ.ಮೀ. ದೂರ, ಯಾಕೆಂದರೆ ನಡುವೆ ಕನ್ನಡಿ ಏಳಬೇಕಿತ್ತು. ಕನ್ನಡಿ ಹೋದ ಮೇಲೆ ಝಡ್‌ನಲ್ಲಿ 16 ಸಾಕಾಯಿತು. ಉಳಿದ 30.5 ತುಂಬುವುದಷ್ಟೇ ಅಡಾಪ್ಟರ್ ಕೆಲಸ. ಹಾಗಾಗಿ ಫೋಟೋದ ಗುಣಮಟ್ಟಕ್ಕೇನೂ ಧಕ್ಕೆ ಇಲ್ಲ.

50 ಅನ್ನು ಮಾರಬೇಡಿ. ವ್ಯೂಫೈಂಡರ್‌ನಲ್ಲೇ ದೊಡ್ಡದು ಮಾಡಿ ನೋಡಿಕೊಂಡು ಕೈಯಿಂದ ಫೋಕಸ್ ಮಾಡುವುದು ಡಿಎಸ್‌ಎಲ್‌ಆರ್‌ಗಿಂತ ಎಷ್ಟೋ ಸುಲಭ. ಓಡುವ ಮಕ್ಕಳಿಗೆ ಆಗದು. ಕೂತ ಅಪ್ಪನಿಗೆ ಆದೀತು.

ಪ್ರಶ್ನೆ: ಹೊಸ ಕ್ಯಾಮೆರಾದಲ್ಲಿ ನಾಟಕ ತೆಗೆಯುವಾಗ ಸೈಲೆಂಟ್ ಶಟರ್ ಹಾಕಿದ್ದೆ. ಎಲ್ಲ ಫೋಟೋದಲ್ಲೂ ಅಡ್ಡಡ್ಡ ಪಟ್ಟೆ. ಸೆನ್ಸರ್ ಕೆಟ್ಟಿದೆಯಾ?

ಕೆಟ್ಟಿಲ್ಲ. ನಾನೂ ಈ ಹಳ್ಳಕ್ಕೆ ಬಿದ್ದೆದ್ದವರ ಪೈಕಿ.

ಡಿಎಸ್‌ಎಲ್‌ಆರ್ ಕಾಲದಲ್ಲಿ ಮೊದಲ ಸಾಲಿನಲ್ಲಿ ಕೂತು ಟಕ್ ಅನ್ನಿಸಿದರೆ ನಟರೇ ತಿರುಗಿ ನೋಡುತ್ತಿದ್ದರು. ಮೌನದ ದೃಶ್ಯಗಳಲ್ಲಿ ನಾನು ಕೈಕಟ್ಟಿ ಕೂತಿರುತ್ತಿದ್ದೆ. ಸದ್ದಿಲ್ಲದ ಶಟರ್ ಸಿಕ್ಕಿದ ಖುಷಿಗೆ ಮೊದಲ ರಾತ್ರಿ ಇಡೀ ಪ್ರದರ್ಶನ ಅದರಲ್ಲೇ ತೆಗೆದೆ. ಹಿಂಬದಿಯ ಪುಟ್ಟ ಪರದೆಯಲ್ಲಿ ಎಲ್ಲ ಚೆನ್ನಾಗೇ ಕಂಡಿತು. ಮನೆಗೆ ಬಂದು ಮಾನಿಟರ್‌ನಲ್ಲಿ ತೆರೆದರೆ, ರಾಜನ ಪಾತ್ರದವರ ಹಣೆಯಿಂದ ಗಲ್ಲದವರೆಗೆ ಒಂದು ಕಪ್ಪು, ಒಂದು ಬಿಳಿ. ಹುಲಿವೇಷದ ಹಾಗೆ. ಅವರಿಗೆ ಒಂದು ಫೋಟೋ ಕೊಡಲೂ ಆಗಲಿಲ್ಲ.

ಆಗುವುದು ಇಷ್ಟು. ಸೈಲೆಂಟ್ ಶಟರ್‌ನಲ್ಲಿ ಸೆನ್ಸರ್ ಅನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದಲಾಗುತ್ತದೆ. ಸಾಮಾನ್ಯ ಸೆನ್ಸರ್‌ಗಳಲ್ಲಿ ಇದಕ್ಕೆ ಸುಮಾರು 1/15ರಿಂದ 1/30 ಸೆಕೆಂಡ್ ಬೇಕು. ಅಷ್ಟರಲ್ಲಿ ಎಲ್‌ಇಡಿ ದೀಪ ಎಷ್ಟೋ ಸಲ ಆರಿ ಹೊತ್ತಿರುತ್ತದೆ. ನಮ್ಮ ಕಣ್ಣಿಗೆ ತಿಳಿಯುವುದಿಲ್ಲ. ದೀಪ ಆರಿದಾಗ ಓದಿದ ಸಾಲು ಕಪ್ಪು, ಹೊತ್ತಿದಾಗ ಓದಿದ್ದು ಬಿಳಿ.

ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿದರೆ ಪಟ್ಟೆ ಬಹುಮಟ್ಟಿಗೆ ಹೋಗುತ್ತದೆ. ಮಿರರ್‌ಲೆಸ್‌ನಲ್ಲಿ ಕನ್ನಡಿ ಬಡಿಯುವ ಸದ್ದು ಇಲ್ಲದ್ದರಿಂದ ಅದೂ ತಕ್ಕಮಟ್ಟಿಗೆ ಮೆತ್ತಗೇ ಇದೆ. ಸೈಲೆಂಟ್ ಶಟರೇ ಬೇಕು ಅಂದರೆ ವೇಗವನ್ನು 1/100ಕ್ಕೆ ಇಟ್ಟು ನೋಡಿ. 50 ಹರ್ಟ್ಸ್ ವಿದ್ಯುತ್ತಿನ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಆಗ ಪ್ರತಿ ಸಾಲಿಗೂ ಒಂದು ಪೂರ್ತಿ ಮಿನುಗು ಸಿಗುತ್ತದೆ. 60 ಹರ್ಟ್ಸ್ ಇರುವ ಕಡೆ 1/120. ಡಿಮ್ಮರ್‌ಗೆ ಸಿಕ್ಕಿಸಿದ ರಂಗದ ಎಲ್‌ಇಡಿಗಳು ಈ ಲೆಕ್ಕಕ್ಕೆ ಬಗ್ಗುವುದಿಲ್ಲ, ಅವುಗಳ ಮಿನುಗೇ ಬೇರೆ. ಅದಕ್ಕೇ ಈಗ ಬೆಳಕಿನ ಪರೀಕ್ಷೆ ನಡೆಯುವಾಗಲೇ ಹೋಗಿ, ನಾಲ್ಕು ತೆಗೆದು, ಪರದೆಯಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡುತ್ತೇನೆ.

ನಿಕಾನ್ ಝಡ್9ನಂಥ ಕ್ಯಾಮೆರಾಗಳು ಬಹಳ ಬೇಗ ಓದಿ ಮುಗಿಸುತ್ತವೆ. 2021ರಲ್ಲಿ ಬಂದ ಅದರಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲ. ಸೋನಿ ಎ9 ಮಾರ್ಕ್ 3 ಎಲ್ಲ ಸಾಲನ್ನೂ ಒಟ್ಟಿಗೇ ಓದುತ್ತದೆ. ವರ್ಷಕ್ಕೆ ಎರಡು ನಾಟಕಕ್ಕಾಗಿ ಅವನ್ನು ಕೊಳ್ಳಬೇಡಿ.

ಪ್ರಶ್ನೆ: 24 ಮೆಗಾಪಿಕ್ಸೆಲ್ ಸಾಕಾ, 45 ಬೇಕಾ, 61 ಬೇಕಾ?

24 ಅಂದರೆ 6000×4000. ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿದರೆ 20×13 ಇಂಚು. ಅಷ್ಟು ದೊಡ್ಡ ಫೋಟೋ ಕೊನೆಯ ಸಲ ಯಾವಾಗ ಅಚ್ಚು ಹಾಕಿಸಿದಿರಿ? ಹಕ್ಕಿ ತೆಗೆದು ಬಹಳ ಕತ್ತರಿಸುವವರಿಗೆ 45 ಬೇಕಾಗುತ್ತದೆ. ಉಳಿದವರಿಗೆ ಅದು ಹಾರ್ಡ್ ಡಿಸ್ಕ್ ತುಂಬುವ ದಾರಿ.

ಪ್ರಶ್ನೆ: ಬಜೆಟ್ ಸಾಲದು. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳಬಹುದಾ? ಏನು ನೋಡಬೇಕು?

ಧಾರಾಳವಾಗಿ. ನನ್ನ ಚೀಲದ ನಾಲ್ಕರಲ್ಲಿ ಮೂರು ಇನ್ನೊಬ್ಬರು ಬಳಸಿ ಕೊಟ್ಟವೇ. ಆದರೆ ಕೈಗೆ ತೆಗೆದುಕೊಂಡು ನೋಡದೆ ದುಡ್ಡು ಕೊಡಬೇಡಿ.

ಒಂದು ಟಾರ್ಚ್ ಜೊತೆಗಿರಲಿ, ಮೊಬೈಲಿನದ್ದಾದರೂ ಸರಿ. ಎರಡೂ ಮುಚ್ಚಳ ತೆಗೆದು, ಲೆನ್ಸ್‌ನ ಹಿಂಬದಿಯಿಂದ ಸ್ವಲ್ಪ ಓರೆಯಾಗಿ ಬೆಳಕು ಬಿಟ್ಟು, ಮುಂದಿನಿಂದ ನೋಡಿ. ದೂಳಿನ ಕಣ ನಾಲ್ಕಾರು ಕಂಡೇ ಕಾಣುತ್ತವೆ. ಅವಕ್ಕೆ ಹೆದರಬೇಡಿ, ಫೋಟೋದಲ್ಲಿ ಬರುವುದಿಲ್ಲ. ಹುಡುಕಬೇಕಾದದ್ದು ಗಾಜಿನ ಅಂಚಿನಿಂದ ಒಳಕ್ಕೆ ಹೊರಟ, ಜೇಡನ ಬಲೆಯಂಥ ಬಿಳಿ ಎಳೆಗಳನ್ನು. ಅದು ಬೂಷ್ಟು. ಇಡೀ ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಮಂಜು ಇದ್ದರೂ ಬೇಡ, ದೀಪದ ಎದುರು ತೆಗೆದ ಫೋಟೋ ಎಲ್ಲ ಬೆಳ್ಳಗಾಗುತ್ತದೆ. ಆಮೇಲೆ ನಿಮ್ಮ ಬಾಡಿಗೆ ಹಾಕಿ. ಹತ್ತಿರ, ದೂರ, ಹತ್ತಿರ ಅಂತ ಹತ್ತು ಸಲ ಫೋಕಸ್ ಮಾಡಿಸಿ. ತಡವರಿಸುತ್ತದಾ, ಕರಕರ ಸದ್ದು ಬರುತ್ತದಾ ಗಮನಿಸಿ. ಜೂಮ್ ಉಂಗುರ ಮೊದಲಿಂದ ಕೊನೆಯವರೆಗೆ ಒಂದೇ ಬಿಗಿಯಲ್ಲಿ ತಿರುಗಬೇಕು.

ಬಾಡಿಯನ್ನೂ ಹಳೆಯದೇ ಕೊಳ್ಳುವುದಾದರೆ ಎಫ್/16 ಇಟ್ಟು ಖಾಲಿ ಬಿಳಿ ಗೋಡೆಯ ಒಂದು ಫೋಟೋ ತೆಗೆಯಿರಿ. ಸೆನ್ಸರ್ ಮೇಲಿನ ಕೊಳೆಯೆಲ್ಲ ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ದೂಳಾದರೆ ಊದಿದರೆ ಹೋಗುತ್ತದೆ, ಗೀರಾದರೆ ಹೋಗುವುದಿಲ್ಲ.

ಹೋದ ತಿಂಗಳು ಒಬ್ಬರ ಬಳಿ 35 ಎಫ್/1.8 ನೋಡೋಕೆ ಹೋಗಿದ್ದೆ. ಹೊರಗೆ ಒಂದು ಗೀರಿಲ್ಲ, ಡಬ್ಬಿಯೂ ಹೊಸದರ ಹಾಗೆ. ಟಾರ್ಚ್ ಬಿಟ್ಟರೆ ಅಂಚಿನಲ್ಲಿ ಉಗುರಿನಷ್ಟು ಬೂಷ್ಟು. "ಆ ಡಬ್ಬಿಯಿಂದ ಹೊರಗೆ ತೆಗೆದೇ ಇಲ್ಲ ಸಾರ್, ಅಷ್ಟು ಜೋಪಾನ" ಅಂದರು. ಬೂಷ್ಟು ಬಂದದ್ದೇ ಅದಕ್ಕೆ.