ಶಿಫ್ಟ್ ಹಿಡಿದು ಕ್ಲಿಕ್ ಮಾಡಿದರೆ ಏನಾಗಬೇಕು?

ಪ್ರಶ್ನೆ: ಕಡತಗಳ ಪಟ್ಟಿಯನ್ನು ತೋರಿಸುವ ಸಣ್ಣ ತಂತ್ರಾಂಶವೊಂದನ್ನು ಬರೆಯುತ್ತಿದ್ದೇನೆ. ಶಿಫ್ಟ್ ಹಿಡಿದು ಕ್ಲಿಕ್ ಮಾಡಿದಾಗ, ಕಂಟ್ರೋಲ್ ಹಿಡಿದು ಬಾಣದ ಕೀಲಿ ಒತ್ತಿದಾಗ ಪಟ್ಟಿ ಹೇಗೆ ನಡೆದುಕೊಳ್ಳಬೇಕೆಂಬ ನಿಯಮಗಳು ಒಂದೇ ಕಡೆ ಸಿಗುತ್ತವೆಯೇ?

ಉತ್ತರ: ಒಂದೇ ಕಡೆ ಸಿಗುವುದಿಲ್ಲ. ಕೀಲಿಮಣೆಯ ಮಟ್ಟಿಗೆ ನೀವು ಮೊದಲು ತೆರೆಯಬೇಕಾದದ್ದು ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ 'ಏರಿಯಾ ಆಥರಿಂಗ್ ಪ್ರಾಕ್ಟಿಸಸ್ ಗೈಡ್'. ಅದು ಜಾಲಪುಟಗಳಿಗೆಂದು ಬರೆದದ್ದಾದರೂ ಪಟ್ಟಿ, ಮೆನು, ಟ್ಯಾಬ್ ಮುಂತಾದ ಒಂದೊಂದರಲ್ಲೂ ಯಾವ ಕೀಲಿ ಏನು ಮಾಡಬೇಕೆಂದು ಬಿಡಿಬಿಡಿಯಾಗಿ ಹೇಳುವುದರಿಂದ ಯಾವ ತಂತ್ರಾಂಶಕ್ಕೂ ಒದಗುತ್ತದೆ. ನೀವು ಕೇಳಿರುವ ಕಂಟ್ರೋಲ್ ಮತ್ತು ಬಾಣದ ಜೋಡಿಯೂ ಅಲ್ಲಿದೆ: ಆಯ್ಕೆ ಇದ್ದ ಹಾಗೆಯೇ ಇದ್ದು ಫೋಕಸ್ (ಕೀಲಿಮಣೆ ಸದ್ಯ ಯಾವ ಸಾಲಿನ ಮೇಲಿದೆ ಎಂಬ ಗುರುತು) ಮಾತ್ರ ಮುಂದಿನ ಸಾಲಿಗೆ ಸರಿಯುತ್ತದೆ, ಅಲ್ಲಿ ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿದರೆ ಆ ಸಾಲು ಆಯ್ಕೆಗೆ ಸೇರುತ್ತದೆ, ಮೊದಲೇ ಸೇರಿದ್ದರೆ ಹೊರಬರುತ್ತದೆ. ಇನ್ನು ಶಿಫ್ಟ್ ಕ್ಲಿಕ್, ಕೊನೆಯ ಬಾರಿ ಶಿಫ್ಟ್ ಇಲ್ಲದೆ ಕ್ಲಿಕ್ ಮಾಡಿದ ಸಾಲನ್ನು ಆರಂಭವೆಂದು ಹಿಡಿದು ಅಲ್ಲಿಂದ ಇಲ್ಲಿಯವರೆಗಿನ ಎಲ್ಲವನ್ನೂ ಆಯ್ದುಕೊಳ್ಳುತ್ತದೆ.

ಎಫ್1 ಒತ್ತಿದರೆ ಸಹಾಯ ತೆರೆಯುವಂತಹ ರೂಢಿಗಳನ್ನು ಐಬಿಎಂ 1987ರಲ್ಲಿ 'ಕಾಮನ್ ಯೂಸರ್ ಆಕ್ಸೆಸ್' ಎಂಬ ಹೆಸರಿನಲ್ಲಿ ಕ್ರೋಡೀಕರಿಸಿತ್ತು. ಆಪಲ್, ಮೈಕ್ರೋಸಾಫ್ಟ್, ಲಿನಕ್ಸ್‌ನಲ್ಲಿ ಬಳಸುವ ಗ್ನೋಮ್ ಇವುಗಳಿಗೆ ತಮ್ಮವೇ ಆದ ಮಾರ್ಗದರ್ಶಿಗಳಿವೆ. ನಿಮ್ಮ ತಂತ್ರಾಂಶ ಯಾವ ವ್ಯವಸ್ಥೆಯಲ್ಲಿ ಓಡುತ್ತದೆಯೋ ಅದರದನ್ನು ಓದಿದರೆ ಸಾಕು.

ಆದರೆ ಮೌಸ್‌ನ ಸೂಕ್ಷ್ಮಗಳ ವಿಷಯದಲ್ಲಿ ಈ ಮಾರ್ಗದರ್ಶಿಗಳನ್ನು ಹೆಚ್ಚು ನೆಚ್ಚಿಕೊಳ್ಳುವಂತಿಲ್ಲ. ಐದು ಕಡತಗಳು ಆಯ್ಕೆಯಾಗಿವೆ ಎಂದುಕೊಳ್ಳಿ. ಅವುಗಳಲ್ಲೊಂದರ ಮೇಲೆ ಗುಂಡಿ ಒತ್ತಿದೊಡನೆ ಉಳಿದ ನಾಲ್ಕರ ಆಯ್ಕೆ ಕಳಚಿಬಿದ್ದರೆ, ಐದನ್ನೂ ಒಟ್ಟಿಗೆ ಬೇರೆ ಕಡೆಗೆ ಎಳೆದೊಯ್ಯುವುದು ಸಾಧ್ಯವೇ ಆಗದು. ಆದ್ದರಿಂದ ಬಳಕೆದಾರರು ಎಳೆಯುತ್ತಾರೋ ಅಥವಾ ಅಲ್ಲೇ ಗುಂಡಿ ಬಿಡುತ್ತಾರೋ ಎಂದು ಕಾದುನೋಡಿ, ಅಲ್ಲೇ ಬಿಟ್ಟರೆ ಮಾತ್ರ ಉಳಿದವುಗಳ ಆಯ್ಕೆಯನ್ನು ತೆಗೆಯಬೇಕು. ಆಯ್ಕೆಯಾಗಿರದ ಕಡತದ ಮೇಲಾದರೆ ಕಾಯುವ ಅಗತ್ಯವಿಲ್ಲ, ಒತ್ತಿದಾಗಲೇ ಆಯ್ದುಕೊಳ್ಳಬಹುದು. ಇಂಥದ್ದನ್ನು ತಿಳಿಯಲು ಕಿಟಕಿ, ಗುಂಡಿ, ಪಟ್ಟಿಗಳನ್ನು ಸಿದ್ಧವಾಗಿ ಒದಗಿಸುವ ಕ್ಯೂಟಿ, ಜಿಟಿಕೆಗಳ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಓದುವುದು ಒಳ್ಳೆಯದು. ಅದು ಮುಕ್ತವಾಗಿ ಲಭ್ಯವಿದೆ. ನಿಮ್ಮ ಕಂಪ್ಯೂಟರಿನ ಫೈಲ್ ಮ್ಯಾನೇಜರಿನಲ್ಲಿ ಗುಂಡಿಯನ್ನು ಒತ್ತಿ ಎರಡು ಕ್ಷಣ ಹಾಗೆಯೇ ಹಿಡಿದು ನೋಡಿದರೂ ಅರ್ಧ ಉತ್ತರ ಸಿಕ್ಕೀತು. ಅಂದಹಾಗೆ, ಸಿದ್ಧ ಪಟ್ಟಿಯನ್ನೇ ಬಳಸಬಹುದಾದರೆ ಈ ಶ್ರಮವೆಲ್ಲ ಏಕೆ ಎಂಬುದನ್ನೂ ಒಮ್ಮೆ ಯೋಚಿಸಿ.

ಪ್ರಶ್ನೆ: ಎರಡು ಕ್ಲಿಕ್‌ಗಳ ನಡುವೆ ಎಷ್ಟು ಸಮಯ ಇದ್ದರೆ ಅದನ್ನು ಡಬಲ್ ಕ್ಲಿಕ್ ಎನ್ನಬೇಕು?

ಉತ್ತರ: ವಿಂಡೋಸ್‌ನಲ್ಲಿ ಯಾರೂ ಬದಲಿಸದಿದ್ದರೆ ಇರುವ ಮಿತಿ 500 ಮಿಲಿಸೆಕೆಂಡು. ಆದರೆ ಈ ಅಂಕಿಯನ್ನು ನಿಮ್ಮ ತಂತ್ರಾಂಶದಲ್ಲಿ ಬರೆದಿಡಬೇಡಿ. ಬೆರಳು ನಿಧಾನವಾಗಿರುವವರು ಸೆಟ್ಟಿಂಗ್ಸ್‌ನಲ್ಲಿ ಈ ಮಿತಿಯನ್ನು ಹಿಗ್ಗಿಸಿಕೊಂಡಿರುತ್ತಾರೆ. 'ಗೆಟ್‌ಡಬಲ್‌ಕ್ಲಿಕ್‌ಟೈಮ್' ಎಂಬ ಫಂಕ್ಷನ್ನಿನ ಮೂಲಕ ವ್ಯವಸ್ಥೆಯನ್ನೇ ಕೇಳಿ ತಿಳಿದುಕೊಳ್ಳಿ. ಎರಡನೆಯ ಕ್ಲಿಕ್ ಮೊದಲನೆಯದರ ತೀರಾ ಹತ್ತಿರದಲ್ಲೇ ಬೀಳಬೇಕೆಂಬ ನಿಯಮವೂ ಇದೆ.