ಓದುಗರ ಪ್ರಶ್ನೆ: ಎದುರಾಳಿಯನ್ನು ಅಳೆಯೋದು ಹೇಗೆ?

ಪ್ರಶ್ನೆ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮುಂದಿನ ಎದುರಾಳಿಯ ಬಲ ತಿಳಿಯಲು ಹಿಂದಿನ ಪಂದ್ಯಗಳ ಅಂಕ ನೋಡಿದರೆ ಸಾಲದೇ?

ಉತ್ತರ: ಸಾಲದು ಮಾರಾಯ್ರೇ. 80 ಅಂಕ ಗಳಿಸಿದ ತಂಡ ಚುರುಕೋ, ಬರೀ ಅವಸರದ್ದೋ? ಅದಕ್ಕೇ 100 ಪೊಸೆಷನ್‌ಗೆ (ಚೆಂಡು ತಂಡದ ಕೈಗೆ ಬಂದ ಒಂದೊಂದು ಸರದಿಯೂ ಒಂದು ಪೊಸೆಷನ್) ಎಷ್ಟು ಅಂಕ ಎಂಬ ಲೆಕ್ಕ. ಆಮೇಲೆ ವಿಡಿಯೋ. ನಾನಂತೂ ಚೆಂಡಿನ ಕಡೆ ನೋಡೋದೇ ಕಡಿಮೆ (ಮನೆಯವರಿಗೆ ಇದೊಂದು ತಮಾಷೆ). ಸ್ಕ್ರೀನ್, ಅಂದರೆ ದಾರಿಗೆ ಅಡ್ಡ ನಿಂತ ನಮ್ಮ ಆಟಗಾರ, ಎದುರಾದಾಗ ಕಾವಲಿನ ಗಾರ್ಡ್ ಮೇಲಿಂದ ನುಗ್ಗುತ್ತಾನೋ, ಹಿಂದಿನಿಂದ ಜಾರುತ್ತಾನೋ ಅಂತ ಅವನ ಪಾದವನ್ನೇ ನೋಡ್ತೀನಿ. ಜಾರುವವನಾದರೆ ದೂರದಿಂದ ಮೂರು ಅಂಕ ಹೊಡೆಯುವ ನಮ್ಮವನಿಗೆ ಜಾಗ ಸಿಕ್ಕಿ ಹಬ್ಬ! ಪುರುಷರ ಪಂದ್ಯದಲ್ಲಿ ಶಾಟ್ ಕ್ಲಾಕ್ (ಬುಟ್ಟಿಗೆ ಎಸೆಯಲು ಇರುವ ಗಡುವು) 30 ಸೆಕೆಂಡು. ಕೊನೇ 5 ಸೆಕೆಂಡಿನಲ್ಲಿ ಚೆಂಡು ಯಾರ ಕೈಗೆ ಹೋಗುತ್ತೆ ಅಂತ ಬರೆದಿಟ್ಟುಕೊಳ್ಳಿ. ಅವನನ್ನು ಎಡಗೈಗೆ ತಳ್ಳಿದರೆ ಏನು ಮಾಡ್ತಾನೆ, ಅದನ್ನೂ.