ಹಿಪ್ನಾಟಿಸಂಗೆ ಒಳಗಾದಾಗ ಹೇಗನಿಸುತ್ತದೆ? ಪ್ರಜ್ಞೆ ತಪ್ಪುತ್ತದಾ?

ಇಲ್ಲ, ಪ್ರಜ್ಞೆ ತಪ್ಪುವುದಿಲ್ಲ. ಅದು ನಿದ್ದೆಯೂ ಅಲ್ಲ. ಹೆಚ್ಚಿನವರಿಗೆ ಎಲ್ಲ ಮಾತೂ ಕೇಳಿಸುತ್ತಿರುತ್ತದೆ, ಆಮೇಲೆ ನೆನಪೂ ಇರುತ್ತದೆ. ಶಿವಮೊಗ್ಗದಿಂದ ಆಗುಂಬೆಗೆ ಹೋಗುವಾಗ ಬಸ್ಸಿನ ಕಿಟಕಿ ಪಕ್ಕ ಏನೋ ಯೋಚನೆಯಲ್ಲಿ ಮುಳುಗಿದ್ದರೆ ತೀರ್ಥಹಳ್ಳಿ ಬಂದದ್ದೇ ಗೊತ್ತಾಗುವುದಿಲ್ಲ, ಅಲ್ವಾ? ಹೆಚ್ಚುಕಮ್ಮಿ ಹಾಗೆ.

ಆದರೆ ಎಲ್ಲರಿಗೂ ಒಂದೇ ತರ ಅಲ್ಲ. ಹಿಪ್ನಾಟಿಸಂ ಮಾಡುವವರು ‘ನಿಮ್ಮ ಕೈ ಹಗುರಾಗುತ್ತಿದೆ’ ಅಂದಾಗ ಕೆಲವರ ಕೈ ತೊಡೆಯಿಂದ ನಿಧಾನಕ್ಕೆ ಮೇಲೇಳುತ್ತದೆ. ‘ನಾನು ಎತ್ತಲಿಲ್ಲ, ತಾನೇ ಎದ್ದಿತು’ ಅನ್ನುತ್ತಾರೆ. ಕೆಲವರಿಗೆ ಮೈಯೆಲ್ಲ ಭಾರ. ಅರ್ಧ ಗಂಟೆ ಐದೇ ನಿಮಿಷ ಅನಿಸುವುದೂ ಉಂಟು. ಹಲ್ಲು ಕೀಳಿಸುವ ಭಯಕ್ಕೆ ಮನೋವೈದ್ಯರ ಬಳಿ ಹೋಗಿದ್ದ ನನ್ನ ಅತ್ತಿಗೆ ಹೇಳಿದ್ದು: “ಹೊರಗಿನ ಮಳೆ ಸದ್ದು, ಡಾಕ್ಟರ ಮಾತು ಎರಡೂ ಕೇಳ್ತಿತ್ತು. ಕಣ್ಣು ಬಿಡೋಣ ಅಂತ ಮಾತ್ರ ಅನಿಸ್ಲೇ ಇಲ್ಲ.” ಇನ್ನು ಕೆಲವರಿಗೆ ಸುಮ್ನೆ ಕಣ್ಣು ಮುಚ್ಚಿ ಕೂತ ಹಾಗಷ್ಟೇ.

ಈ ವ್ಯತ್ಯಾಸ ಅಳೆಯಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1959ರಲ್ಲಿ 12 ಅಂಶಗಳ ಪರೀಕ್ಷೆಯೊಂದನ್ನು ರೂಪಿಸಿದರು. ಅದರಲ್ಲಿ ಜಾಸ್ತಿ ಜನರ ಅಂಕ ಮಧ್ಯದಲ್ಲೇ ಬರುತ್ತದೆ. ಬೇಗ ಒಳಗಾಗುವವರ ಮನಸ್ಸು ದುರ್ಬಲ ಅನ್ನುವುದು ಶುದ್ಧ ಸುಳ್ಳು. ಜಾದೂ ವೇದಿಕೆಯಲ್ಲಿ ಕಾಣುವವರು ಬೇಗ ಒಳಗಾಗುತ್ತಾರೆ ಅಂತ ಮೊದಲೇ ಆರಿಸಿದವರು. ಅವರನ್ನು ನೋಡಿ ಹೆದರಬೇಡಿ.